ಗೋಡೆಯಾಚೆ ಚಾಚಿದ ಟೊಂಗೆ: ಮರ, ನೆರೆ ಮತ್ತು ನ್ಯಾಯದ ಚರಿತ್ರೆ

ಧಾರವಾಡದ ಸಪ್ತಾಪುರದಲ್ಲಿ ಹಳೆಯ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಮಂಗಳೂರು ಹೆಂಚಿನ ಮಾಡು, ಮನೆಯ ಸುತ್ತ ಒಂದಿಷ್ಟು ಹಿತ್ತಿಲು, ಹಿತ್ತಿಲಲ್ಲಿ ಮಾವು, ಪೇರಲ, ತೆಂಗು. ಅರೆಮಲೆನಾಡಿನ ಕೆಂಪು ಮಣ್ಣು ಮತ್ತು ಮುಂಗಾರಿನ ಮಳೆ ಮರಗಳನ್ನು ಬೇಗ ಬೆಳೆಸುತ್ತವೆ. ಅಜ್ಜ ನೆಟ್ಟ ಆಪೂಸ್ ಮಾವು ಮೊಮ್ಮಗನ ಕಾಲಕ್ಕೆ ಗೋಡೆಯ ಎತ್ತರವನ್ನು ದಾಟಿ ನೆರೆಯವರ ಅಂಗಳಕ್ಕೆ ನೆರಳು ಹಾಸುತ್ತದೆ. ಹಿತ್ತಿಲು ದೊಡ್ಡದಾಗಿದ್ದಾಗ ಇದು ಯಾರಿಗೂ ತೊಂದರೆಯೆನಿಸಲಿಲ್ಲ. ಈಗ ಮನೆಗಳು ಪಾಲಾಗಿವೆ. ಸಪ್ತಾಪುರ ಬಾವಿಯ ಸುತ್ತಲ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಿಗಾಗಿ ಅಂತಸ್ತಿನ ಮೇಲೆ ಅಂತಸ್ತು ಏಳುತ್ತಿವೆ. ಎರಡು ಗೋಡೆಗಳ ನಡುವಿನ ಅಂತರ ಕಿರಿದಾದಷ್ಟೂ ಒಂದು ಟೊಂಗೆಯ ಭಾರ ಹೆಚ್ಚಾಗುತ್ತದೆ.

ಈ ಲೇಖನ ಬರೆಯಲು ಕಾರಣವಾದದ್ದು ನಮ್ಮ ಮನೆಯ ಮಾವಿನ ಮರವೇ. ಅದರ ದೊಡ್ಡ ಟೊಂಗೆಯೊಂದು ಪಕ್ಕದ ಮನೆಯ ಮಾಡಿನ ಮೇಲೆ ಚಾಚಿತ್ತು. ಆ ಮನೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದರು. ಅವರು ಬೇಸಗೆಯ ಕೊನೆಯಲ್ಲಿ ಒಮ್ಮೆ ಬಂದು, "ಸಾಹೇಬ್ರ, ಮಳಿಗಾಲ ಬರೂದ್ರೊಳಗ ಆ ಟೊಂಗಿ ಒಂದೀಟು ನೋಡ್ರಿ" ಎಂದು ನಮ್ಮ ತಂದೆಗೆ ಹೇಳಿದರು. ತಂದೆ "ನೋಡೂಣ ಮಾಸ್ತರ್ರ" ಎಂದರು. ನೋಡಲಿಲ್ಲ. ಮರುವರ್ಷವೂ ಅದೇ ಮಾತು, ಅದೇ ಉತ್ತರ. ಮೂರನೆಯ ಮಳೆಗಾಲದಲ್ಲಿ ಗಾಳಿಗೆ ಟೊಂಗೆ ಬಡಿದು ಹೆಂಚುಗಳು ಒಡೆದವು. ನೀರು ಅವರ ಪುಸ್ತಕದ ಕಪಾಟಿನೊಳಗೆ ಇಳಿಯಿತು. ಆಮೇಲೆ ಅವರು ಕೇಳಲು ಬರಲಿಲ್ಲ. ಹಬ್ಬದ ದಿನ ನಾವು ಕಳಿಸಿದ ಸುರಕುಂಬಾ ಅವರ ಮನೆಯಿಂದ ಎಂದಿನಂತೆ ಸಿಹಿ ತುಂಬಿದ ಪಾತ್ರೆಯಾಗಿ ಮರಳದೆ, ತೊಳೆದ ಬರಿದಾದ ಪಾತ್ರೆಯಾಗಿ ಮರಳಿತು.

ಮರ ನಮ್ಮದು, ನೆಲ ನಮ್ಮದು, ನೆಟ್ಟವರು ನಮ್ಮವರು. ಹಾಗಾದರೆ ಗೋಡೆಯಾಚೆಗಿನ ಟೊಂಗೆ ಯಾರದು? ಈ ಪ್ರಶ್ನೆ ಹೊಸದಲ್ಲ. ಸಾವಿರದ ನಾನೂರು ವರ್ಷಗಳ ಹಿಂದೆ ಮದೀನಾದ ಖರ್ಜೂರದ ತೋಟಗಳಲ್ಲಿ ಇದು ಎದ್ದಿತ್ತು. ಅಲ್ಲಿಂದ ಧಾರವಾಡದ ನ್ಯಾಯಾಲಯದ ತನಕ ಇದು ಸಾಗಿಬಂದ ದಾರಿಯನ್ನು ತಿಳಿಯುವುದು ನಮ್ಮ ಕುಟುಂಬಗಳಿಗೆ ಉಪಯುಕ್ತವೆಂದು ಭಾವಿಸುತ್ತೇನೆ.

ಸಮುರಾರವರ ಖರ್ಜೂರದ ಮರ

ಇಮಾಮ್ ಅಬೂದಾವೂದ್‌ರವರು (ನಿಧನ ಹಿಜರಿ 275) ತಮ್ಮ ಸುನನ್ ಗ್ರಂಥದ ನ್ಯಾಯತೀರ್ಪುಗಳ ಅಧ್ಯಾಯದಲ್ಲಿ ಒಂದು ಪ್ರಕರಣವನ್ನು ದಾಖಲಿಸಿದ್ದಾರೆ. ಸಮುರಾ ಬಿನ್ ಜುಂದುಬ್(ರ)ರವರಿಗೆ ಅನ್ಸಾರಿಯೊಬ್ಬರ ತೋಟದೊಳಗೆ ಕೆಲವು ಖರ್ಜೂರದ ಮರಗಳಿದ್ದವು. ಆ ಅನ್ಸಾರಿ ತಮ್ಮ ಮನೆಯವರೊಂದಿಗೆ ಅಲ್ಲಿಯೇ ವಾಸವಾಗಿದ್ದರು. ಸಮುರಾರವರು ತಮ್ಮ ಮರಗಳಿಗಾಗಿ ತೋಟದೊಳಗೆ ಬಂದುಹೋಗುತ್ತಿದ್ದರು. ಇದರಿಂದ ಮನೆಯವರಿಗೆ ತೊಂದರೆಯಾಗುತ್ತಿತ್ತು. ಮರವನ್ನು ಮಾರಿಬಿಡಿ ಎಂದು ಅನ್ಸಾರಿ ಕೇಳಿಕೊಂಡರು, ಸಮುರಾ ಒಪ್ಪಲಿಲ್ಲ. ಬೇರೆ ಕಡೆ ಬದಲಿ ತೆಗೆದುಕೊಳ್ಳಿ ಎಂದರು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಅನ್ಸಾರಿ ಪ್ರವಾದಿವರ್ಯರ(ಸ) ಬಳಿಗೆ ದೂರು ಒಯ್ದರು.

ಪ್ರವಾದಿವರ್ಯರು(ಸ) ಅನುಸರಿಸಿದ ಕ್ರಮವನ್ನು ಗಮನಿಸಬೇಕು. ಅವರು ಮೊದಲು ಮಾರುವಂತೆ ಹೇಳಿದರು. ನಂತರ ಬದಲಿ ಪಡೆಯುವಂತೆ ಹೇಳಿದರು. ಅದೂ ಆಗದಾಗ, ದಾನವಾಗಿ ಕೊಟ್ಟುಬಿಡು, ಅದಕ್ಕೆ ಇಂತಿಂಥ ಪ್ರತಿಫಲವಿದೆ ಎಂದು ಪ್ರೇರೇಪಿಸಿದರು. ಮೂರನ್ನೂ ಸಮುರಾರವರು ನಿರಾಕರಿಸಿದರು. ಆಗ ಪ್ರವಾದಿವರ್ಯರು(ಸ), ನೀನು ಹಾನಿಯುಂಟುಮಾಡುವವನು ಎಂದು ಅವರಿಗೆ ಹೇಳಿ, ಹೋಗಿ ಮರವನ್ನು ಕಿತ್ತುಹಾಕುವಂತೆ ಅನ್ಸಾರಿಗೆ ಆದೇಶಿಸಿದರು.

ಈ ವರದಿಯನ್ನು ಸಮುರಾರವರಿಂದ ಉದ್ಧರಿಸುವವರು ಅಬೂಜಅಫರ್ ಮುಹಮ್ಮದ್ ಅಲ್‌ಬಾಕಿರ್. ಅವರು ಹುಟ್ಟಿದ್ದು ಹಿಜರಿ 57ರ ಸುಮಾರಿಗೆ. ಸಮುರಾರವರು ನಿಧನರಾದದ್ದು ಅದಾಗಿ ಕೆಲವೇ ವರ್ಷಗಳಲ್ಲಿ. ಆದ್ದರಿಂದ ನೇರವಾಗಿ ಕೇಳಿರಲಾರರು, ಸರಣಿಯಲ್ಲಿ ಕೊಂಡಿಯೊಂದು ತಪ್ಪಿದೆ ಎಂದು ಹದೀಸ್ ವಿದ್ವಾಂಸರು ಟಿಪ್ಪಣಿ ಮಾಡಿದ್ದಾರೆ. ಇದನ್ನು ಮರೆಮಾಚಬೇಕಾಗಿಲ್ಲ. ಏಕೆಂದರೆ ಪ್ರಕರಣದ ತಿರುಳಾದ ತತ್ವ ಈ ಒಂದು ವರದಿಯ ಮೇಲಷ್ಟೇ ನಿಂತಿಲ್ಲ. ಯಾರಿಗೂ ಹಾನಿ ಮಾಡಕೂಡದು, ಹಾನಿಗೆ ಹಾನಿಯಿಂದ ಪ್ರತಿಕ್ರಿಯಿಸಕೂಡದು ಎಂಬ ಆಶಯದ ಹದೀಸನ್ನು ಇಮಾಮ್ ಮಾಲಿಕ್‌ರವರು ಮುವತ್ತಾದಲ್ಲಿಯೂ ಇಬ್ನುಮಾಜಃರವರು ತಮ್ಮ ಸುನನ್‌ನಲ್ಲಿಯೂ ದಾಖಲಿಸಿದ್ದಾರೆ. ಇಮಾಮ್ ನವವಿಯವರ ಪ್ರಸಿದ್ಧ ಸಂಗ್ರಹದಲ್ಲಿ ಅದು 32ನೆಯ ಹದೀಸ್. ನಮ್ಮ ಮಕ್ಕಳು ಮದ್ರಸದಲ್ಲಿ ಅದನ್ನು ಬಾಯಿಪಾಠ ಮಾಡುತ್ತಾರೆ.

ಈ ಪ್ರಕರಣದಲ್ಲಿ ಒಡೆತನದ ಬಗ್ಗೆ ವಿವಾದವೇ ಇರಲಿಲ್ಲ. ಮರ ಸಮುರಾರವರದೇ ಎಂಬುದನ್ನು ಅನ್ಸಾರಿಯೂ ಅಲ್ಲಗಳೆಯಲಿಲ್ಲ, ಪ್ರವಾದಿವರ್ಯರೂ(ಸ) ಅಲ್ಲಗಳೆಯಲಿಲ್ಲ. ಪ್ರಶ್ನೆ ಇದ್ದದ್ದು ಆ ಒಡೆತನವನ್ನು ಚಲಾಯಿಸುವ ರೀತಿಯಲ್ಲಿ. "ಮರ ನಮ್ಮದು" ಎಂಬ ಉತ್ತರ ಅಲ್ಲಿಯೂ ಸತ್ಯವಾಗಿತ್ತು, ಆದರೆ ಸಾಕಾಗಲಿಲ್ಲ.

ಅಬುದ್ದಹ್ದಾಹ್‌ರವರ ವ್ಯಾಪಾರ

ಇದರ ಜೊತೆಯಲ್ಲಿಯೇ ಓದಬೇಕಾದ ಇನ್ನೊಂದು ಘಟನೆ ಇಮಾಮ್ ಅಹ್ಮದ್‌ರವರ ಮುಸ್ನದ್‌ನಲ್ಲಿ ಅನಸ್(ರ)ರವರಿಂದ ವರದಿಯಾಗಿದೆ. ಒಬ್ಬ ವ್ಯಕ್ತಿ ತನ್ನ ತೋಟಕ್ಕೆ ಗೋಡೆ ಕಟ್ಟುತ್ತಿದ್ದನು. ಇನ್ನೊಬ್ಬನ ಖರ್ಜೂರದ ಮರವೊಂದು ಗೋಡೆಯ ಸಾಲಿಗೆ ಬೇಕಾಗಿತ್ತು. ಅದನ್ನು ಕೊಡಿಸಬೇಕೆಂದು ಅವನು ಪ್ರವಾದಿವರ್ಯರನ್ನು(ಸ) ಕೇಳಿಕೊಂಡನು. ಸ್ವರ್ಗದಲ್ಲಿ ಒಂದು ಮರದ ಬದಲಿಗೆ ಇದನ್ನು ಕೊಟ್ಟುಬಿಡು ಎಂದು ಪ್ರವಾದಿವರ್ಯರು(ಸ) ಮರದ ಒಡೆಯನಿಗೆ ಹೇಳಿದರು. ಅವನು ಒಪ್ಪಲಿಲ್ಲ. ಇದನ್ನು ಕೇಳಿದ ಅಬುದ್ದಹ್ದಾಹ್(ರ) ಆ ಒಡೆಯನ ಬಳಿಗೆ ಹೋಗಿ, ತಮ್ಮ ಇಡೀ ತೋಟವನ್ನೇ ಕೊಟ್ಟು ಆ ಒಂದು ಮರವನ್ನು ಕೊಂಡರು; ಪ್ರವಾದಿವರ್ಯರ(ಸ) ಮುಂದೆ ತಂದು ಒಪ್ಪಿಸಿದರು. ಮನೆಗೆ ಮರಳಿ, ತೋಟದಿಂದ ಹೊರಗೆ ಬಾ, ಇದನ್ನು ಸ್ವರ್ಗದ ಮರಕ್ಕೆ ಮಾರಿದ್ದೇನೆ ಎಂದು ಪತ್ನಿಗೆ ತಿಳಿಸಿದಾಗ, ಆ ಮಹಿಳೆ ಗೊಣಗಲಿಲ್ಲ. ಲಾಭದ ವ್ಯಾಪಾರವಾಯಿತೆಂದು ಸಂತೋಷಪಟ್ಟರು.

ಎರಡೂ ಘಟನೆಗಳಲ್ಲಿ ಮರದ ಒಡೆಯ ಒಪ್ಪಲಿಲ್ಲ. ಒಂದರಲ್ಲಿ ಮರವನ್ನು ಕೀಳಿಸಲಾಯಿತು, ಇನ್ನೊಂದರಲ್ಲಿ ಮುಟ್ಟಲೇ ಇಲ್ಲ. ಈ ವ್ಯತ್ಯಾಸ ಏಕೆ? ನನಗೆ ತೋರುವ ಕಾರಣ ಹೀಗಿದೆ: ಸಮುರಾರವರ ಮರದಿಂದ ಒಂದು ಕುಟುಂಬದ ನೆಮ್ಮದಿ ಕೆಡುತ್ತಿತ್ತು, ಅದು ಹಾನಿ. ಎರಡನೆಯ ಪ್ರಕರಣದಲ್ಲಿ ಇದ್ದದ್ದು ಗೋಡೆ ಕಟ್ಟುವವನ ಅನುಕೂಲ ಮಾತ್ರ. ಹಾನಿಯನ್ನು ಬಲವಂತದಿಂದಲಾದರೂ ನಿವಾರಿಸಬಹುದು. ಅನುಕೂಲವನ್ನು ಔದಾರ್ಯದಿಂದ ಮಾತ್ರ ಪಡೆಯಬಹುದು. ಆದ್ದರಿಂದ ನೆರೆಮನೆಯ ಮರದ ಬಗ್ಗೆ ದೂರುವ ಮುನ್ನ, ನನಗೆ ಆಗುತ್ತಿರುವುದು ಹಾನಿಯೋ ಅಥವಾ ನನ್ನ ಅನುಕೂಲಕ್ಕೆ ಅದು ಅಡ್ಡಿಯೋ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ಒಣಗಿದ ನಾಲ್ಕು ಎಲೆ ಅಂಗಳದಲ್ಲಿ ಬಿದ್ದದ್ದಕ್ಕೂ ಮಾಡು ಸೋರಿದ್ದಕ್ಕೂ ಅಂತರವಿದೆ.

ಮರಕ್ಕೂ ಒಂದಿಷ್ಟು ಜಾಗದ ಹಕ್ಕಿದೆ ಎಂಬುದನ್ನೂ ಅಂದಿನ ತೀರ್ಪುಗಳು ಮರೆಯಲಿಲ್ಲ. ಖರ್ಜೂರದ ಮರದ ಸುತ್ತಲ ಆವರಣದ ಬಗ್ಗೆ ಇಬ್ಬರು ಜಗಳವಾಡಿಕೊಂಡು ಬಂದಾಗ, ಆ ಮರದ್ದೇ ಗರಿಯಿಂದ ಅಳೆಯಿಸಿ ಜಾಗ ನಿಗದಿ ಮಾಡಿದ್ದನ್ನು ಅಬೂದಾವೂದ್ ವರದಿ ಮಾಡುತ್ತಾರೆ. ಒಂದು ವರದಿಯ ಪ್ರಕಾರ ಅದು ಏಳು ಮೊಳ, ಇನ್ನೊಂದರ ಪ್ರಕಾರ ಐದು ಮೊಳ. ಅಳತೆಗೋಲು ಕೂಡ ಮರದ ಮೈಯಿಂದಲೇ ಬಂದದ್ದು ಸೊಗಸಾದ ಸಂಗತಿ.

ನೆರೆಯವನಿಗೆ ಬಿಟ್ಟುಕೊಡುವ ವಿಷಯದಲ್ಲಿ ಸಹಾಬಿಗಳ ಕಾಲದ ಇನ್ನೆರಡು ಪ್ರಸಂಗಗಳನ್ನು ಇಲ್ಲಿ ನೆನೆಯಬಹುದು. ನೆರೆಯವನು ತನ್ನ ತೊಲೆಯನ್ನು ನಿಮ್ಮ ಗೋಡೆಗೆ ಊರುವುದನ್ನು ತಡೆಯಬೇಡಿ ಎಂಬ ಪ್ರವಾದಿ ವಚನವನ್ನು ಅಬೂಹುರೈರಾ(ರ) ತಿಳಿಸಿದಾಗ ಜನರು ಹಿಂಜರಿದರು. ಆಗ ಅವರು ಜನರನ್ನು ಗದರಿಸಿದರೆಂದು ಬುಖಾರಿಯಲ್ಲಿದೆ. ದಹ್ಹಾಕ್ ಬಿನ್ ಖಲೀಫಾರವರು ಮುಹಮ್ಮದ್ ಬಿನ್ ಮಸ್ಲಮಾರವರ ನೆಲದ ಮೂಲಕ ನೀರಿನ ಕಾಲುವೆ ಒಯ್ಯಬಯಸಿದಾಗ ಅವರು ಒಪ್ಪಲಿಲ್ಲ. ದೂರು ಖಲೀಫಾ ಉಮರ್(ರ)ರವರಿಗೆ ಹೋಯಿತು. ನಿನಗೂ ಆ ನೀರಿನಿಂದ ಲಾಭವೇ ಇರುವಾಗ, ಯಾವ ನಷ್ಟವೂ ಇಲ್ಲದಿರುವಾಗ ಸಹೋದರನಿಗೆ ಏಕೆ ತಡೆ ಎಂದು ಉಮರ್ ಕೇಳಿದರು. ಮತ್ತೆಯೂ ಒಪ್ಪದಾಗ ಕಾಲುವೆ ಹಾಯಿಸಲು ಆಜ್ಞೆ ಮಾಡಿದರು. ಇದು ಮುವತ್ತಾದಲ್ಲಿದೆ.

ಗಾಳಿಯ ಒಡೆತನ

ನಂತರದ ಶತಮಾನಗಳಲ್ಲಿ ಫಿಕ್‌ಹ್ ವಿದ್ವಾಂಸರು ಈ ತತ್ವಗಳನ್ನು ಟೊಂಗೆಯ ಪ್ರಶ್ನೆಗೆ ನೇರವಾಗಿ ಅನ್ವಯಿಸಿದರು. ಹಂಬಲಿ ವಿದ್ವಾಂಸ ಇಬ್ನುಕುದಾಮಾರವರು (ನಿಧನ ಹಿಜರಿ 620, ಕ್ರಿ.ಶ. 1223) ತಮ್ಮ ಅಲ್‌ಮುಗ್ನಿ ಗ್ರಂಥದಲ್ಲಿ ಇದನ್ನು ಚರ್ಚಿಸಿರುವುದು ಸುಲ್‌ಹ್, ಅಂದರೆ ರಾಜಿಸಂಧಾನದ ಅಧ್ಯಾಯದಲ್ಲಿ. ಈ ಸ್ಥಾನವೇ ಅರ್ಥಪೂರ್ಣ. ಅವರ ವಾದದ ಸಾರಾಂಶ ಇಷ್ಟು: ನೆಲದ ಒಡೆಯನು ಆ ನೆಲದ ಮೇಲಿನ ಗಾಳಿಗೂ ಒಡೆಯನು. ಆದ್ದರಿಂದ ಮರದ ಟೊಂಗೆ ನೆರೆಯವನ ಗಾಳಿಯೊಳಗೆ ಚಾಚಿದರೆ ಅದನ್ನು ತೆಗೆಯುವುದು ಮರದ ಒಡೆಯನ ಹೊಣೆ. ಬಾಗಿಸಿ ತನ್ನ ಕಡೆಗೆ ಎಳೆದುಕೊಳ್ಳಬಹುದು ಇಲ್ಲವೇ ಕತ್ತರಿಸಬಹುದು. ಅವನು ನಿರಾಕರಿಸಿದರೆ ನೆರೆಯವನೇ ಅದನ್ನು ನಿವಾರಿಸಬಹುದು. ಆದರೆ ಬಾಗಿಸುವುದರಿಂದಲೇ ತೊಂದರೆ ನೀಗುವಂತಿದ್ದರೆ ಕತ್ತರಿಸುವ ಅಧಿಕಾರ ಅವನಿಗಿಲ್ಲ. ಕತ್ತರಿಸಿದರೆ ನಷ್ಟ ತುಂಬಿಕೊಡಬೇಕು. ಬೇರುಗಳು ನೆರೆಯವನ ನೆಲದೊಳಗೆ ಹಬ್ಬಿದಾಗಲೂ ಇದೇ ನಿಯಮ.

ಹಣ್ಣಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಟೊಂಗೆಯನ್ನು ಹಾಗೆಯೇ ಬಿಟ್ಟು, ಅದರ ಹಣ್ಣನ್ನು ನೆರೆಯವನಿಗೆ ಕೊಡುವುದು ಅಥವಾ ಇಬ್ಬರೂ ಹಂಚಿಕೊಳ್ಳುವುದು ಎಂಬ ಒಪ್ಪಂದ ಸಿಂಧುವೇ? ಮುಂದಿನ ವರ್ಷ ಎಷ್ಟು ಹಣ್ಣು ಬರುವುದೋ ಯಾರಿಗೂ ತಿಳಿಯದು. ತಿಳಿಯದ ವಸ್ತುವಿನ ಮೇಲೆ ಒಪ್ಪಂದ ಹೇಗೆ? ಇದನ್ನು ಇಮಾಮ್ ಅಹ್ಮದ್ ಬಿನ್ ಹಂಬಲ್‌ರವರಿಗೆ ಕೇಳಿದಾಗ ಅವರು, ನನಗೆ ಗೊತ್ತಿಲ್ಲ ಎಂದು ಉತ್ತರಿಸಿದರೆಂದು ಇಬ್ನುಕುದಾಮಾ ದಾಖಲಿಸುತ್ತಾರೆ. ಲಕ್ಷಾಂತರ ಹದೀಸ್ ಬಲ್ಲವರು ಒಂದು ಮಾವಿನ ಟೊಂಗೆಯಂಥ ವಿಷಯದಲ್ಲಿ ಗೊತ್ತಿಲ್ಲವೆಂದು ಹೇಳಲು ಸಂಕೋಚಪಡಲಿಲ್ಲ. ಸಿರಿಯಾದ ತಾಬಿಈ ವಿದ್ವಾಂಸ ಮಕ್‌ಹೂಲ್‌ರವರಿಂದ ಬಂದ ಅಭಿಪ್ರಾಯದ ಪ್ರಕಾರ, ಮರದ ನೆರಳು ಯಾರ ಮೇಲೆ ಬಿದ್ದಿದೆಯೋ ಅವರು ಆ ಭಾಗವನ್ನು ಕತ್ತರಿಸಬಹುದು ಅಥವಾ ಅದರ ಹಣ್ಣನ್ನು ತಿನ್ನಬಹುದು. ಇದು ಕಟ್ಟುನಿಟ್ಟಾದ ಒಪ್ಪಂದವಲ್ಲ, ಪರಸ್ಪರ ಸಮ್ಮತಿಯ ನಡವಳಿಕೆ. ಒಬ್ಬರು ಟೊಂಗೆಯನ್ನು ಸಹಿಸುತ್ತಾರೆ, ಇನ್ನೊಬ್ಬರು ಹಣ್ಣನ್ನು ಬಿಟ್ಟುಕೊಡುತ್ತಾರೆ.

ಒಟ್ಟೋಮನ್ ಸಾಮ್ರಾಜ್ಯದಲ್ಲಿ 1869ರಿಂದ 1876ರ ನಡುವೆ ಅಹ್ಮದ್ ಜೌದತ್ ಪಾಷಾರವರ ನೇತೃತ್ವದಲ್ಲಿ ರಚನೆಯಾದ ಮಜಲ್ಲಾ ಎಂಬ ಸಿವಿಲ್ ಸಂಹಿತೆ ಈ ಚರ್ಚೆಗೆ ಕಾನೂನಿನ ರೂಪ ಕೊಟ್ಟಿತು. 1851 ವಿಧಿಗಳ ಆ ಸಂಹಿತೆಯ 1196ನೆಯ ವಿಧಿ ಟೊಂಗೆಗಳಿಗೇ ಮೀಸಲು. ತೋಟದ ಮರದ ಟೊಂಗೆ ನೆರೆಯವನ ಮನೆ ಅಥವಾ ತೋಟದೊಳಗೆ ಚಾಚಿದ್ದರೆ, ಅದನ್ನು ಕಟ್ಟಿ ಹಿಂದಕ್ಕೆಳೆಯುವಂತೆ ಇಲ್ಲವೇ ಕತ್ತರಿಸುವಂತೆ ಮಾಡಲು ನೆರೆಯವನಿಗೆ ಹಕ್ಕುಂಟು. ಆದರೆ ನೆರಳಿನಿಂದ ಬೆಳೆಗೆ ತೊಂದರೆ ಎಂಬ ಕಾರಣಕ್ಕೆ ಮರವನ್ನೇ ಕಡಿಸುವ ಹಕ್ಕಿಲ್ಲ. ಟೊಂಗೆ ಗಡಿ ದಾಟುತ್ತದೆ, ಅದಕ್ಕೆ ಒಡೆಯ ಹೊಣೆ. ನೆರಳು ಸೂರ್ಯನೊಂದಿಗೆ ಸರಿಯುವ ವಸ್ತು. ಅದಕ್ಕಾಗಿ ಮರ ಸಾಯಬೇಕಾಗಿಲ್ಲ. ಹಾನಿಯನ್ನು ಅದರಂಥದೇ ಹಾನಿಯಿಂದ ನಿವಾರಿಸಬಾರದು ಎಂಬ ಸೂತ್ರವೂ ಇದೇ ಸಂಹಿತೆಯ ಆರಂಭದಲ್ಲಿದೆ.

ಕನ್ನಡ ನೆಲದ ಗಡಿಗಳು

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ. ಹಳೆಯ ಕನ್ನಡ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಹಳ್ಳ, ಕಲ್ಲು, ಹುತ್ತಗಳ ಜೊತೆಗೆ ಮರಗಳೂ ಬರುತ್ತವೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಗಡಿ ವಿವಾದಕ್ಕೆ ಪ್ರತ್ಯೇಕ ಪ್ರಕರಣವಿದೆ. ಅಲ್ಲಿ ಎಲ್ಲೆಯನ್ನು ನಿರ್ಣಯಿಸಲು ಕರೆಯಬೇಕಾದವರು ಅಕ್ಕಪಕ್ಕದ ನೆಲದವರು, ಊರ ಹಿರಿಯರು, ದನಗಾಹಿಗಳು. ಎಲ್ಲೆಯ ಗುರುತುಗಳು ಮರ, ಹುತ್ತ, ದಿಬ್ಬ, ನೆಲದಲ್ಲಿ ಹೂತಿಟ್ಟ ಇದ್ದಿಲು ಮತ್ತು ಹೊಟ್ಟು. ಅಂದರೆ ಒಂದು ಕಾಲದಲ್ಲಿ ಮರವು ಗಡಿಯ ಜಗಳಕ್ಕೆ ಕಾರಣವಾಗಿರಲಿಲ್ಲ, ಸಾಕ್ಷಿಯಾಗಿತ್ತು. ನೆರೆಯವನು ಕೂಡ ಎದುರಾಳಿಯಾಗುವ ಮುನ್ನ ಸಾಕ್ಷಿಯೇ ಆಗಿದ್ದನು.

16ನೆಯ ಶತಮಾನದಲ್ಲಿ ಧಾರವಾಡ ಬಿಜಾಪುರದ ಆದಿಲಶಾಹಿಗಳ ಆಳ್ವಿಕೆಗೆ ಬಂದಿತು. ಆ ಆಡಳಿತದ ಕಟ್ಟಡಗಳು ಇಲ್ಲಿ ಹೆಚ್ಚು ಉಳಿದಿಲ್ಲ. ಆದರೆ ದಖ್ಖನಿನ ಪಾರಸಿ ಆಡಳಿತದ ಮಾತುಗಳು ನಮ್ಮ ಕಚೇರಿಗಳಲ್ಲಿ ಇನ್ನೂ ಜೀವಂತವಾಗಿವೆ. ಇಂದಿಗೂ ರೈತನು ತನ್ನ ಹೊಲದ ಗಡಿ ಅಳೆಸಲು ಕೊಡುವುದು ಹದ್ದುಬಸ್ತಿನ ಅರ್ಜಿ. ಹದ್ದು ಎಂದರೆ ಅರಬಿಯ ಹದ್, ಎಲ್ಲೆ. ಹಕ್ಕು ಎಂಬುದು ಹಖ್, ಅರಬಿಯಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಉಂಟು. ಸ್ಥಳದಲ್ಲಿ ಬರೆಯುವ ಮಹಜರು ಹಾಜರಿ ಎಂಬುದರ ಬಂಧು; ಹತ್ತು ಜನರ ಸಮ್ಮುಖದಲ್ಲಿ ನಡೆದದ್ದು ಎಂದರ್ಥ. ತಕರಾರು ಎಂಬ ಮಾತಿನ ಮೂಲಾರ್ಥ ಪುನರಾವರ್ತನೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ರಾಜಿ ಎಂದರೆ ಸಂತೃಪ್ತಿ, ಮನಸ್ಸಿನ ಒಪ್ಪಿಗೆ. ಒಂದು ಮರದ ವ್ಯಾಜ್ಯದಲ್ಲಿ ತೊಡಗಿದ ಹಿಂದೂ, ಮುಸ್ಲಿಮ್, ಕ್ರೈಸ್ತ ಯಾರೇ ಆಗಲಿ, ಹದ್ದು, ಹಕ್ಕು, ತಕರಾರು, ರಾಜಿ ಎಂಬ ಈ ನಾಲ್ಕು ಮಾತುಗಳಿಲ್ಲದೆ ಮುಂದುವರಿಯಲಾರರು. ತಕರಾರಿನಿಂದ ರಾಜಿಯ ತನಕದ ದಾರಿ ನಮ್ಮ ಭಾಷೆಯಲ್ಲಿಯೇ ಬರೆದಿಟ್ಟಿದೆ.

1818ರಲ್ಲಿ ಪೇಶ್ವೆಯ ಪತನದ ನಂತರ ಧಾರವಾಡ ಬ್ರಿಟಿಷರ ಕೈಸೇರಿ, ಮುಂದೆ ಮುಂಬೈ ಪ್ರಾಂತದ ಜಿಲ್ಲೆಯಾಯಿತು. 1840ರ ದಶಕದಲ್ಲಿ ವಿಂಗೇಟ್ ಮೊದಲಾದ ಅಧಿಕಾರಿಗಳ ಮೋಜಣಿ ಇಲ್ಲಿ ನಡೆಯಿತು. ಹೊಲಗಳಿಗೆ ಸರ್ವೆ ನಂಬರು, ಎಲ್ಲೆಗೆ ಬಾಂದುಕಲ್ಲು ಬಂದವು. ಮರವು ನೋಡಿಕೊಂಡಿದ್ದ ಸಾಕ್ಷಿಯ ಕೆಲಸವನ್ನು ಕಲ್ಲು ವಹಿಸಿಕೊಂಡಿತು. 1879ರ ಮುಂಬೈ ಭೂಕಂದಾಯ ಸಂಹಿತೆಯು ಸರಕಾರ ಕಾಯ್ದಿರಿಸಿದ ಮರಗಳ ಹೊರತು ಉಳಿದ ಮರಗಳ ಹಕ್ಕನ್ನು ಹಿಡುವಳಿದಾರನಿಗೆ ಬಿಟ್ಟುಕೊಟ್ಟಿತು. ಕಾಯ್ದಿರಿಸುವ ಪದ್ಧತಿಗೆ ಇನ್ನೂ ಹಳೆಯ ಉದಾಹರಣೆ ಟಿಪ್ಪು ಸುಲ್ತಾನರ ಕಾಲದ್ದು: 1792ರಲ್ಲಿ ಅವರು ಶ್ರೀಗಂಧವನ್ನು ರಾಜಮರವೆಂದು ಘೋಷಿಸಿದರು. ಕರ್ನಾಟಕದಲ್ಲಿ 2001ರ ತಿದ್ದುಪಡಿಯ ತನಕ, ತನ್ನ ಹಿತ್ತಿಲಲ್ಲಿಯೇ ಹುಟ್ಟಿದ ಗಂಧದ ಮರ ಮನೆಯೊಡೆಯನದಾಗಿರಲಿಲ್ಲ. ಮರದ ಒಡೆತನ ನಾವು ತಿಳಿದಷ್ಟು ಸರಳವಾದುದು ಎಂದೂ ಆಗಿರಲಿಲ್ಲ.

1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಮೊದಲು ಮದರಾಸು, ಕೊಡಗು ಮುಂತಾದೆಡೆ ಜಾರಿಗೆ ಬಂದು, 1891ರಲ್ಲಿ ಮುಂಬೈ ಪ್ರಾಂತಕ್ಕೂ, ಹಾಗಾಗಿ ಧಾರವಾಡಕ್ಕೂ ವಿಸ್ತರಿಸಿತು. ಬಹುಕಾಲದ ಬಳಕೆಯಿಂದ ದಾರಿ, ನೀರು, ಬೆಳಕಿನ ಹಕ್ಕು ಹುಟ್ಟಬಹುದು ಎನ್ನುವುದು ಈ ಕಾನೂನಿನ ಒಂದು ಅಂಶ. ಹಾಗಾದರೆ ಇಪ್ಪತ್ತು, ಮೂವತ್ತು ವರ್ಷಗಳಿಂದ ಚಾಚಿದ ಟೊಂಗೆಗೂ ಚಾಚಿಯೇ ಇರುವ ಹಕ್ಕು ಹುಟ್ಟುವುದೇ? ಇಲ್ಲ ಎಂಬುದೇ ನ್ಯಾಯಾಲಯಗಳ ಉತ್ತರ. ಟೊಂಗೆ ಪ್ರತಿವರ್ಷ ಬೆಳೆಯುತ್ತದೆ, ಬೇರೆಯಾಗುತ್ತದೆ. ನಿನ್ನೆಯ ಟೊಂಗೆ ಇಂದಿನದಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1894ರಲ್ಲಿ ಲೆಮನ್ ವಿರುದ್ಧ ವೆಬ್ ಪ್ರಕರಣದಲ್ಲಿ, ನೆರೆಯವನು ಮರದೊಡೆಯನ ನೆಲಕ್ಕೆ ಕಾಲಿಡದೆ ತನ್ನ ಕಡೆಗೆ ಬಂದ ಟೊಂಗೆಯನ್ನು ಕತ್ತರಿಸಬಹುದು, ಅದಕ್ಕೆ ಮುನ್ಸೂಚನೆಯೂ ಕಡ್ಡಾಯವಲ್ಲ ಎಂದು ತೀರ್ಮಾನಿಸಿತು. 1919ರ ಮಿಲ್ಸ್ ವಿರುದ್ಧ ಬ್ರೂಕರ್ ಪ್ರಕರಣದಲ್ಲಿ ನೆರೆಯವನೊಬ್ಬ ಚಾಚಿದ ಟೊಂಗೆಯ ಸೇಬುಗಳನ್ನು ತೆಗೆದುಕೊಂಡಿದ್ದನು. ಟೊಂಗೆ ಕತ್ತರಿಸಲು ಹಕ್ಕಿದ್ದರೂ ಹಣ್ಣು ಮರದೊಡೆಯನದೇ ಎಂದು ತೀರ್ಪಾಯಿತು.

ಇಬ್ನುಕುದಾಮಾರವರ ಗಾಳಿಯ ಒಡೆತನದ ವಾದಕ್ಕೂ ಏಳು ಶತಮಾನಗಳ ನಂತರದ ಈ ತೀರ್ಪುಗಳಿಗೂ ಇರುವ ಸಾಮ್ಯ ಎದ್ದುಕಾಣುತ್ತದೆ. ವ್ಯತ್ಯಾಸವೂ ಇದೆ. ಮುನ್ಸೂಚನೆ ಕಡ್ಡಾಯವಲ್ಲ ಎಂದು ಅಲ್ಲಿನ ನ್ಯಾಯಾಲಯ ಹೇಳಿತು. ನಮ್ಮ ಪರಂಪರೆಯಲ್ಲಿ ಕೇಳುವುದೇ ಮೊದಲ ಹೆಜ್ಜೆ: ಮಾರು, ಬದಲಿ ಪಡೆ, ದಾನ ಮಾಡು ಎಂದು ಮೂರು ಸಲ ಬಾಗಿಲು ತೆರೆದ ನಂತರವೇ ಕೊಡಲಿಯ ಮಾತು ಬಂದಿತು.

ಇಂದಿನ ನಿಯಮ, ಇಂದಿನ ನಡತೆ

ಇಂದು ಸಪ್ತಾಪುರದಲ್ಲಿ ಇಂಥ ತಕರಾರು ಬಂದರೆ ತಿಳಿದಿರಬೇಕಾದ ಇನ್ನೊಂದು ಕಾನೂನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆಯಾದರೂ, ಸಾಮಾನ್ಯವಾಗಿ ಸ್ವಂತ ನೆಲದ ಮರವನ್ನು ಕಡಿಯಲು ಕೂಡ ವೃಕ್ಷಾಧಿಕಾರಿಯ ಅನುಮತಿ ಬೇಕು. ನೆರೆಯವರ ಜಗಳದ ಸಿಟ್ಟಿನಲ್ಲಿ ರಾತ್ರೋರಾತ್ರಿ ಮರ ಉರುಳಿಸಿದವನು, ಬುಡಕ್ಕೆ ವಿಷ ಸುರಿದವನು ನೆರೆಯವನಿಗೂ ಉತ್ತರಿಸಬೇಕು, ಕಾನೂನಿಗೂ ಉತ್ತರಿಸಬೇಕು. ಪ್ರಾಣಾಪಾಯದ ಸ್ಥಿತಿಯಲ್ಲಿರುವ ಮರದ ಬಗ್ಗೆ ಮೊದಲು ಮರದೊಡೆಯನಿಗೆ, ಅಗತ್ಯವಾದರೆ ಅರಣ್ಯ ಇಲಾಖೆಗೆ ಮತ್ತು ಮಹಾನಗರ ಪಾಲಿಕೆಗೆ ಬರವಣಿಗೆಯಲ್ಲಿ ತಿಳಿಸುವುದು ಉತ್ತಮ.

ನ್ಯಾಯಾಲಯದ ಬಾಗಿಲು ತೆರೆದೇ ಇದೆ. ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಪೀಠವೇ ಬಂದಿದೆ, 2008ರಲ್ಲಿ ಸಂಚಾರಿ ಪೀಠವಾಗಿ, 2013ರಿಂದ ಕಾಯಂ ಪೀಠವಾಗಿ. ಆದರೆ ಒಂದು ಟೊಂಗೆಯ ದಾವೆ ಕೆಳಹಂತದ ಸಿವಿಲ್ ನ್ಯಾಯಾಲಯದಿಂದ ಮೇಲೇರಿ ಇತ್ಯರ್ಥವಾಗುವಷ್ಟರಲ್ಲಿ ಟೊಂಗೆ ಇನ್ನೆಷ್ಟು ಬೆಳೆದಿರುತ್ತದೆಯೋ! 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಅಡಿಯಲ್ಲಿ ನಡೆಯುವ ಲೋಕ ಅದಾಲತ್ತಿನಲ್ಲಿ ಇಬ್ಬರೂ ಕೂತು ರಾಜಿ ಮಾಡಿಕೊಂಡರೆ ಅದಕ್ಕೆ ಸಿವಿಲ್ ನ್ಯಾಯಾಲಯದ ತೀರ್ಪಿನ ಬಲವಿದೆ. ಅದರ ಮೇಲೆ ಅಪೀಲು ಇಲ್ಲ. ಇಬ್ನುಕುದಾಮಾರವರು ಈ ವಿಷಯವನ್ನು ಸುಲ್‌ಹ್ ಅಧ್ಯಾಯದಲ್ಲಿ ಇಟ್ಟದ್ದಕ್ಕೆ ಇದೊಂದು ಸಮರ್ಥನೆಯಂತಿದೆ.

ಈಗ ನಮ್ಮ ಮನೆಯ ಮಾವಿನ ಮರಕ್ಕೆ ಮರಳುತ್ತೇನೆ. ಆ ವರ್ಷ ಒಂದು ರಾತ್ರಿ ಇಶಾ ನಮಾಝಿನ ನಂತರದ ದರ್ಸ್‌ನಲ್ಲಿ ಸಮುರಾರವರ ಪ್ರಕರಣ ಬಂದಿತು. ಕೇಳುವಾಗ ನಾವೆಲ್ಲರೂ ಸಹಜವಾಗಿಯೇ ಆ ಅನ್ಸಾರಿಯ ಪಕ್ಷ ವಹಿಸಿದೆವು. ಇಂಥ ಕಥೆಗಳನ್ನು ಕೇಳುವಾಗ ಯಾರೂ ತಮ್ಮನ್ನು ಮರದೊಡೆಯನ ಜಾಗದಲ್ಲಿ ಕಲ್ಪಿಸಿಕೊಳ್ಳುವುದಿಲ್ಲ. ಮಸೀದಿಯಿಂದ ಮರಳುವಾಗ ದಾರಿಯುದ್ದಕ್ಕೂ ತಂದೆ ಮಾತಾಡಲಿಲ್ಲ. ಮನೆಯ ಗೇಟಿನ ಬಳಿ ನಿಂತು, ಕತ್ತಲಲ್ಲಿ ಆ ಟೊಂಗೆಯತ್ತ ನೋಡಿ, "ಮರ ನಮ್ದೇ ಐತಿ, ಆದ್ರ ನಾವ ಸಮುರಾ ಆಗೇವಿ" ಎಂದಷ್ಟೇ ಹೇಳಿದರು. ಮರುದಿನ ಮಾಸ್ತರರ ಮನೆಗೆ ತಾವೇ ಹೋದರು. ಮರ ಹತ್ತುವವರನ್ನು ಕರೆಸಿ, ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ನಮ್ಮ ಕಡೆಗೇ ಇಳಿಸಲಾಯಿತು. ಮಾಡಿಗೆ ಹೊಸ ಹೆಂಚು ಹೊದಿಸಲಾಯಿತು. ನೆನೆದು ಹಾಳಾದ ಪುಸ್ತಕಗಳಿಗೆ ಬೆಲೆ ಕಟ್ಟಲು ಮಾಸ್ತರರು ಒಪ್ಪಲಿಲ್ಲ. ಅವುಗಳಲ್ಲಿ ಕೆಲವು ಈಗ ಎಲ್ಲಿಯೂ ಸಿಗುವಂಥವಲ್ಲ ಎಂದಷ್ಟೇ ಹೇಳಿದರು. ಮೊದಲ ವರ್ಷವೇ ಮಾತು ಕೇಳಿದ್ದರೆ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತಿದ್ದ ಕೆಲಸ ಅದು.

ಮಾಸ್ತರರು ಮುಂದೆ ಮತ್ತೆ ನಮ್ಮ ಮನೆಗೆ ಬರತೊಡಗಿದರು. ಮಾವಿನ ಕಾಲದಲ್ಲಿ ಮೊದಲ ಬುಟ್ಟಿ ಅವರ ಮನೆಗೆ ಹೋಗುವುದು ರೂಢಿಯಾಯಿತು. ಆದರೆ ಪುಸ್ತಕಗಳು ಮರಳಲಿಲ್ಲ. ತಡವಾಗಿ ಮಾಡಿದ ನ್ಯಾಯ ಎಲ್ಲವನ್ನೂ ಮರಳಿಸುವುದಿಲ್ಲ ಎಂಬುದನ್ನು ನಮ್ಮ ಮನೆಯವರು ಆ ಕಪಾಟಿನಿಂದ ಕಲಿತೆವು.

ಸತ್ಯವಿಶ್ವಾಸಿಯು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾವುದೇ ತಿಂದರೂ ಅದು ಅವನ ಪಾಲಿಗೆ ದಾನವಾಗುತ್ತದೆ ಎಂಬುದು ಬುಖಾರಿಯಲ್ಲಿರುವ ಹದೀಸಿನ ಆಶಯ. ಮರ ನೆಡುವುದನ್ನು ನಾವು ಬಿಡಬಾರದು. ಆದರೆ ನೆಡುವಾಗ ಗೋಡೆಯಿಂದ ಎಷ್ಟು ದೂರ, ಇದು ಎಷ್ಟು ಹರಡುತ್ತದೆ, ಇಪ್ಪತ್ತು ವರ್ಷಗಳ ನಂತರ ಇದರ ಕೆಳಗೆ ಯಾರ ಮಾಡು ಇರುತ್ತದೆ ಎಂದು ಯೋಚಿಸುವುದೂ ಆ ದಾನದ ಭಾಗವೇ. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ನಾವೇ ಹೋಗಿ, ನಮ್ಮ ಮರದಿಂದ ನಿಮಗೆ ತೊಂದರೆ ಇದೆಯೇ ಎಂದು ನೆರೆಯವರನ್ನು ಕೇಳೋಣ. ಅವರು ಬಂದು ಕೇಳುವ ತನಕ ಕಾಯುವುದು ಬೇಡ. ನಾವು ತೊಂದರೆಗೊಳಗಾದವರಾಗಿದ್ದರೆ ಮೊದಲು ಮಾತು, ನಂತರ ಹಿರಿಯರ ಮಧ್ಯಸ್ಥಿಕೆ, ಕೊನೆಗೆ ಕಾನೂನು; ಕೊಡಲಿ ನಮ್ಮ ಕೈಗೆ ಬಂದಾಗಲೂ ಟೊಂಗೆಯಷ್ಟನ್ನೇ ಕತ್ತರಿಸೋಣ, ಮರವನ್ನಲ್ಲ.

ಪವಿತ್ರ ಕುರ್‌ಆನಿನ ನಾಲ್ಕನೆಯ ಅಧ್ಯಾಯದ 36ನೆಯ ವಚನದಲ್ಲಿ ತಂದೆತಾಯಿ, ಬಂಧುಗಳು, ಅನಾಥರು, ಬಡವರೊಂದಿಗೆ ನೆರೆಯವರಿಗೂ ಒಳಿತು ಮಾಡಬೇಕೆಂಬ ಆದೇಶವಿದೆ. ಅಲ್ಲಿ ಹತ್ತಿರದ ನೆರೆಯವನೂ ಇದ್ದಾನೆ, ದೂರದ ನೆರೆಯವನೂ ಇದ್ದಾನೆ. ನೆರೆಯವನ ಧರ್ಮ ಯಾವುದೆಂದು ಕೇಳಿಲ್ಲ. ಗೋಡ್ಯಾಚೆಯವರ ಹಕ್ಕನ್ನು ಅವರು ಕೇಳುವ ಮುನ್ನವೇ ಅರಿಯುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.